ಅಡಿಕೆ ಮರದ ಎತ್ತರ ತಿಳಿಯಲು ಸೈನ್ ಹಾಕಬೇಕೋ, ಟ್ಯಾನ್ ಹಾಕಬೇಕೋ?

ನೀವು ಕೇಳಿದ್ದು: ಶಿರಸಿ ಕಡೆಯ ತೋಟ, ದೋಟಿ (ಅಡಿಕೆ ಗೊನೆ ಕೊಯ್ಯುವ ಉದ್ದ ಕೋಲು) ಕೊಳ್ಳುವ ಮುಂಚೆ ಮರದ ಎತ್ತರ ಬೇಕು. ಬುಡದಿಂದ 30 ಅಡಿ ದೂರ ನಿಂತು ಮೊಬೈಲಿನಲ್ಲಿ ನೋಡಿದರೆ ಕೊನೆ (ಅಡಿಕೆ ಗೊನೆ) 52 ಡಿಗ್ರಿಯಲ್ಲಿ ಕಾಣುತ್ತದೆ. ಸೈನ್ ಹಾಕಿ ಗುಣಿಸಿದರೆ 23.6 ಅಡಿ ಬಂತು, ಸರಿಯೇ?

ಸರಿಯಲ್ಲ. ಲೆಕ್ಕ ಮಾಡದೆಯೂ ಇದನ್ನು ಹೇಳಬಹುದು. ಕೋನ 45 ಡಿಗ್ರಿ ಇದ್ದರೆ ಎತ್ತರವೂ ದೂರವೂ ಸಮ. ಅದಕ್ಕಿಂತ ಹೆಚ್ಚಿದ್ದರೆ ಎತ್ತರವೇ ಹೆಚ್ಚಿರಬೇಕು. 52 ಡಿಗ್ರಿಗೆ 30ಕ್ಕಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ.

ಸೂತ್ರ ಆರಿಸುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ: ನೀವು, ಮರ, ಕೊನೆ ಸೇರಿ ಆಗುವ ಲಂಬಕೋನ ತ್ರಿಕೋನದಲ್ಲಿ ಯಾವ ಬಾಹು ಗೊತ್ತಿದೆ, ಯಾವುದು ಬೇಕು? ನಿಮಗೆ ಗೊತ್ತಿರುವುದು ನೆಲದ ದೂರ, ಅಂದರೆ ಪಾರ್ಶ್ವ ಬಾಹು. ಬೇಕಾದದ್ದು ಕೋನದ ಎದುರಿನ ಅಭಿಮುಖ ಬಾಹು. ಇವೆರಡನ್ನು ಜೋಡಿಸುವುದು ಟ್ಯಾನ್ ಮಾತ್ರ. ಸೈನ್‌ಗೆ ವಿಕರ್ಣ ಬೇಕು, ನಿಮ್ಮ ಕಣ್ಣಿನಿಂದ ಕೊನೆಯವರೆಗಿನ ಓರೆ ದೂರ. ಅದನ್ನು ನೀವು ಅಳೆದೇ ಇಲ್ಲ.

ಟ್ಯಾನ್ 52 = 1.28. 30 × 1.28 = 38.4 ಅಡಿ. ಇದು ಕಣ್ಣಿನ ಮಟ್ಟದಿಂದ ಮೇಲಿನದು. ಕಣ್ಣು ನೆಲದಿಂದ 5 ಅಡಿ ಇದ್ದರೆ ಒಟ್ಟು 43.4 ಅಡಿ. ಈ 5 ಅಡಿ ಸೇರಿಸಲು ತುಂಬಾ ಜನ ಮರೆಯುತ್ತಾರೆ. ಉತ್ತರ ಋಣ ಸಂಖ್ಯೆಯಾಗಿ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿ ಬಿಟ್ಟು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದೆ ಎಂದು ತಿಳಿಯಿರಿ: ಅಲ್ಲಿ ಟ್ಯಾನ್ 52 ಎಂದರೆ ಮೈನಸ್ 6.05.

ಇನ್ನು ದೋಟಿ. ಕೊನೆ ಕೊಯ್ಯುವ ಕೊನೆಗೌಡ ಮರದ ಬುಡಕ್ಕೆ ಅಂಟಿಕೊಂಡು ನಿಲ್ಲುವುದಿಲ್ಲ, ಸ್ವಲ್ಪ ದೂರ ನಿಂತು ಓರೆಯಾಗಿ ಹಿಡಿಯುತ್ತಾನೆ. ಹಾಗಾಗಿ ದೋಟಿಯೇ ಇಲ್ಲಿ ವಿಕರ್ಣ. ಅದರ ಬುಡ ನೆಲದಿಂದ 4 ಅಡಿ ಮೇಲಿದ್ದರೆ ಏರಬೇಕಾದ ಎತ್ತರ 39.4. ದೋಟಿ ನೆಲದೊಂದಿಗೆ 75 ಡಿಗ್ರಿ ಇದ್ದರೆ 39.4ನ್ನು ಸೈನ್ 75ರಿಂದ, ಅಂದರೆ 0.966ರಿಂದ ಭಾಗಿಸಿ: 40.8 ಅಡಿ. ಇಲ್ಲಿ ಗುಣಿಸಿದರೆ 38ಕ್ಕೆ ಇಳಿಯುತ್ತದೆ, ದೋಟಿ ಕೊನೆಗೆ ಮುಟ್ಟುವುದಿಲ್ಲ. ವಿಕರ್ಣ ಯಾವಾಗಲೂ ಉಳಿದ ಎರಡು ಬಾಹುಗಳಿಗಿಂತ ಉದ್ದ. ಇಲ್ಲದಿದ್ದರೆ ಭಾಗಿಸುವಲ್ಲಿ ಗುಣಿಸಿದ್ದೀರಿ.

ತೋಟದಲ್ಲಿ ನಿಜವಾಗಿ ಕಾಡುವುದು ಬಾಗಿದ ಮರ. ಮರ ನಿಮ್ಮತ್ತ 3 ಅಡಿ ವಾಲಿದ್ದರೆ ಕೊನೆಯ ನೇರ ಕೆಳಗಿನ ನೆಲ ನಿಮ್ಮಿಂದ 27 ಅಡಿಯಷ್ಟೇ. ಬುಡದವರೆಗಿನ 30 ಹಾಕಿದರೆ ಎತ್ತರ ಸುಮಾರು 4 ಅಡಿ ಹೆಚ್ಚು ಬರುತ್ತದೆ. ಟೇಪನ್ನು ಬುಡಕ್ಕಲ್ಲ, ಕೊನೆಯ ಕೆಳಗಿನ ಜಾಗಕ್ಕೆ ಹಿಡಿಯಿರಿ. ತೀರಾ ಹತ್ತಿರ ನಿಲ್ಲಲೂ ಬೇಡಿ: 70 ಡಿಗ್ರಿಯಲ್ಲಿ ಒಂದು ಡಿಗ್ರಿ ತಪ್ಪಿದರೆ 2 ಅಡಿ ಹೋಗುತ್ತದೆ, 52ರಲ್ಲಾದರೆ ಒಂದೂವರೆ ಅಡಿಯೊಳಗೆ. ಒಂಬತ್ತು ಅಡಿ ಅಂತರದ ಸಾಲಿನಲ್ಲಿ ನಾಲ್ಕು ಮರ ದಾಟಿ ನಿಂತರೆ 36 ಅಡಿ, ಅಷ್ಟು ಸಾಕು.

ಬೆಟ್ಟದ ಇಳಿಜಾರಿನಲ್ಲಿ ನಿಂತು ನೋಡುವುದಾದರೆ 5 ಅಡಿ ಸೇರಿಸುವ ಪದ್ಧತಿ ನಡೆಯುವುದಿಲ್ಲ. ಬುಡದ ಅವನತ ಕೋನವನ್ನೂ (ಕಣ್ಣಿನ ಮಟ್ಟದಿಂದ ಕೆಳಗೆ ಬುಡ ಕಾಣುವ ಕೋನ) ಅಳೆಯಿರಿ. ಕಣ್ಣಿನಿಂದ ಬುಡಕ್ಕೆ ಟೇಪ್ 40 ಅಡಿ, ಕೋನ 20 ಡಿಗ್ರಿ ಎಂದುಕೊಳ್ಳಿ. ಮಟ್ಟದ ದೂರ 40 × ಕಾಸ್ 20 = 37.6, ಬುಡ ಕಣ್ಣಿಗಿಂತ 40 × ಸೈನ್ 20 = 13.7 ಅಡಿ ಕೆಳಗೆ. ಕೊನೆ 38 ಡಿಗ್ರಿ ಮೇಲಿದ್ದರೆ 37.6 × ಟ್ಯಾನ್ 38, ಅಂದರೆ 37.6 × 0.781 = 29.4. ಎರಡೂ ಸೇರಿಸಿ, ಮರ 43.1 ಅಡಿ.