ಸ್ಟೆಂಟ್ ಜರುಗುವುದಿಲ್ಲ, ಅಪ್ಪನನ್ನು ಮಂಚದಿಂದ ಇಳಿಸಿ

ಪ್ರಶ್ನೆ: ಅಪ್ಪನಿಗೆ 58 ವರ್ಷ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿ 6 ವಾರವಾಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಕಾರ್ಡಿಯಾಕ್ ರಿಹ್ಯಾಬ್’ ಎಂದು ಬರೆದಿದ್ದಾರೆ. ಓಡಾಡಿದರೆ ಸ್ಟೆಂಟ್ ಜರುಗುತ್ತೆ ಅಂತ ನೆಂಟರು ಹೆದರಿಸುತ್ತಾರೆ. ಅಪ್ಪ ಹಿತ್ತಲಿಗೂ ಇಳಿಯುತ್ತಿಲ್ಲ. ಏನು ಮಾಡಲಿ?
– ಮದ್ದೂರಿನ ಓದುಗರು

ಉತ್ತರ: ಈ ಪ್ರಶ್ನೆ ಬಂದೂ ಬಂದೂ ಸಾಕಾಗಿದೆ. ಅದಕ್ಕೇ ಇವತ್ತು ಇದಕ್ಕೆ ಜಾಗ ಜಾಸ್ತಿ.

ಸ್ಟೆಂಟ್ ಜರುಗುವುದಿಲ್ಲಮ್ಮ. ಅದು ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ. ಬಲೂನ್ ಉಬ್ಬಿಸಿ ಅದನ್ನು ನಾಳದ ಗೋಡೆಗೆ ಒತ್ತಿ ಕೂರಿಸಿರುತ್ತಾರೆ. ಆಮೇಲೆ ನಾಳದ ಒಳಪದರವೇ ಅದರ ಮೇಲೆ ಬೆಳೆದುಕೊಳ್ಳುತ್ತದೆ. ನಡೆದರೆ, ಕೆಮ್ಮಿದರೆ, ಬಸ್ಸಿನಲ್ಲಿ ಕುಲುಕಿದರೆ ಅದು ಅಲುಗುವುದಿಲ್ಲ. ರಕ್ತ ಹೆಪ್ಪುಗಟ್ಟಿ ಸ್ಟೆಂಟ್ ಮುಚ್ಚಿಕೊಳ್ಳುವುದು ಮಾತ್ರೆ ಬಿಟ್ಟಾಗ. ಆಸ್ಪಿರಿನ್ ಜೊತೆ ಕೊಟ್ಟಿರುವ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಮಾತ್ರೆಯನ್ನು ಡಾಕ್ಟರು ಹೇಳದೆ ಒಂದು ದಿನವೂ ನಿಲ್ಲಿಸಬೇಡಿ. ಹಲ್ಲು ಕೀಳಿಸುವುದಿದ್ದರೂ ಮೊದಲು ಅವರನ್ನು ಕೇಳಿ.

ಮಲಗಿಸಿಡುವುದೇ ಆರೈಕೆ ಅಂತ ನಮ್ಮ ಕಡೆ ಬಲವಾಗಿ ನಂಬಿದ್ದಾರೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ, ಗಟ್ಟಿಮುಟ್ಟಾದ 5 ಹುಡುಗರನ್ನು 3 ವಾರ ಹಾಸಿಗೆ ಬಿಟ್ಟೇಳದಂತೆ ಮಲಗಿಸಿದರು. 30 ವರ್ಷ ಬಿಟ್ಟು ಅವರನ್ನೇ ಮತ್ತೆ ಪರೀಕ್ಷಿಸಿದರು. ವಯಸ್ಸಾಗಿ ಕಳೆದುಕೊಂಡ ಕಸುವಿಗಿಂತ ಆ 3 ವಾರದಲ್ಲಿ ಕಳೆದುಕೊಂಡಿದ್ದೇ ಜಾಸ್ತಿ. ನಿಮ್ಮ ಅಪ್ಪನಿಗೆ 58, ಮಲಗಿ 6 ವಾರ.

ಕಾರ್ಡಿಯಾಕ್ ರಿಹ್ಯಾಬ್ ಅಂದರೆ ಹೃದ್ರೋಗಿಯನ್ನು ಅಳತೆಯ ವ್ಯಾಯಾಮದಿಂದ ಚೇತರಿಸುವ ಚಿಕಿತ್ಸೆ, ಸುಮ್ನೆ ವಾಕಿಂಗ್ ಅಲ್ಲ. ಮೊದಲ ದಿನ 6 ನಿಮಿಷ ನಡೆಸಿ, ಎಷ್ಟು ದೂರ ಹೋದರು, ಬಿಪಿ, ನಾಡಿ ಹೇಗಾಯಿತು ಅಂತ ಬರೆದುಕೊಳ್ಳುತ್ತೇವೆ. ಅದರ ಮೇಲೆ ವ್ಯಾಯಾಮದ ಅಳತೆ. ಬೇಕಾದವರಿಗೆ ಎದೆಗೆ ಇಸಿಜಿ ತಂತಿ ಅಂಟಿಸಿಯೇ ನಡೆಸುತ್ತೇವೆ. ಜೊತೆಗೆ ಊಟ, ಮಾತ್ರೆ, ಬೀಡಿ, ಎದೆ ಚುರ್ ಎಂದರೂ ನಡುಗಿಸುವ ಭಯ, ಎಲ್ಲವನ್ನೂ ಕೂತು ಮಾತಾಡುತ್ತೇವೆ. 2021ರಲ್ಲಿ ಒಟ್ಟುಗೂಡಿಸಿ ನೋಡಿದ 85 ಅಧ್ಯಯನಗಳಲ್ಲಿ 23 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ವ್ಯಾಯಾಮದ ರಿಹ್ಯಾಬ್ ಮಾಡಿದವರಲ್ಲಿ ಹೃದ್ರೋಗದ ಸಾವು ಸುಮಾರು ಕಾಲು ಭಾಗ ಕಡಿಮೆ. ಇಷ್ಟು ಕೆಲಸ ಮಾಡುವ ಚಿಕಿತ್ಸೆಯನ್ನು ಚೀಟಿಯಲ್ಲೇ ಉಳಿಸಿದರೆ ನನಗೆ ಸಂಕಟವಾಗುತ್ತದೆ.

ರಿಹ್ಯಾಬ್‌ಗೆಂದು ವಾರಕ್ಕೆ 2-3 ಸಲ ಮೈಸೂರಿಗೆ ನಮ್ಮಲ್ಲಿಗೆ ಬರುವುದು ಕಷ್ಟ, ಗೊತ್ತು. ಒಮ್ಮೆ ಬಂದು ಪರೀಕ್ಷೆ ಮಾಡಿಸಿ, ಅಳತೆ ಬರೆಸಿಕೊಂಡು ಹೋಗಿ, ಊರಲ್ಲೇ ಮುಂದುವರಿಸಿ. ಸಮತಟ್ಟಾದ ನಾಲೆ ಏರಿ ಸಾಕು. ನಾಡಿ ಇಷ್ಟಕ್ಕೆ ಏರಬೇಕು ಎಂಬ ಮೊಬೈಲ್ ಲೆಕ್ಕ ಬೇಡ. ಮೆಟೊಪ್ರೊಲಾಲ್ ಥರದ ಮಾತ್ರೆ ನಾಡಿಯನ್ನು ಹಿಡಿದಿಡುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಮುಗಿಸುವಾಗ ಗಕ್ಕನೆ ನಿಲ್ಲಬೇಡಿ, ಬಿಪಿ ಇಳಿದು ತಲೆ ಸುತ್ತುತ್ತದೆ. ಊಟ ಮಾಡಿದ ಕೂಡಲೇ ಹೊರಡಬೇಡಿ. ಎದೆ ಹಿಡಿದರೆ ಅಲ್ಲೇ ಕೂತು ಎದೆನೋವಿನ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆಯ ಕೆಳಗಿಡಿ. 5 ನಿಮಿಷದಲ್ಲಿ ಇಳಿಯದಿದ್ದರೆ 108. ಸುಮ್ನೆ ಕೂತಾಗಲೂ ಎದೆನೋವು ಬರುತ್ತಿದ್ದರೆ ಅಥವಾ ಕಾಲು ಊದುತ್ತಿದ್ದರೆ ವ್ಯಾಯಾಮ ಬೇಡ, ಮೊದಲು ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯ ಬ್ಲಾಕ್ ಕರಗಿಸುತ್ತಾ?

ಇಲ್ಲ. ಕರಗಿಸುತ್ತೆ ಅಂತ ಬಾಟಲಿಯಲ್ಲಿ ಮಾರುವವರು ನಿಮ್ಮ ಭಯವನ್ನು ದುಡ್ಡು ಮಾಡಿಕೊಳ್ಳುತ್ತಿದ್ದಾರೆ. ಅದನ್ನು ನಂಬಿ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬಿಟ್ಟವರನ್ನು ಮತ್ತೆ ಐಸಿಯುನಲ್ಲಿ ನೋಡಿದ್ದೇನೆ.

ಪ್ರಶ್ನೆ: ಬೀಡಿ ದಿನಕ್ಕೆ ಎರಡಕ್ಕೆ ಇಳಿಸಿದ್ದೇನೆ, ಸಾಕಲ್ವಾ?

ಸಾಲದು. ಕಡ್ಡಿಪುಡಿಯೂ ಸೇರಿ ಸೊನ್ನೆ.

ಪ್ರಶ್ನೆ: ಯೋಗ ಮಾಡಬಹುದಾ?

ಮಾಡಿ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಅಟ್ಯಾಕ್ ಆದವರಿಗೆಂದೇ ರೂಪಿಸಿದ ಯೋಗವನ್ನು ಪರೀಕ್ಷಿಸಿದ್ದಾರೆ. ಜನ ಹಳೆಯ ಕೆಲಸಗಳಿಗೆ ಮರಳಲು ನೆರವಾಯಿತು. ಶೀರ್ಷಾಸನ, ಉಸಿರು ಬಿಗಿಹಿಡಿಯುವುದು ಬೇಡ.

ಪ್ರಶ್ನೆ: ಬೈಪಾಸ್ ಆಗಿ 2 ತಿಂಗಳು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಇದೆ.

ಈಗ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿ. ಮೆಟ್ಟಿಲಿನ ಮಾತು ಟ್ರೆಡ್‌ಮಿಲ್ ಪರೀಕ್ಷೆ ಆದ ಮೇಲೆ.