ದಾರಿ ತೋರಿಸುವವರೇ ಪಾಠವನ್ನೂ ಹೇಳಲಿ

ಪ್ರಶ್ನೆ: ಬೆಂಗಳೂರಿನ ಶಾಲಾ ಮಕ್ಕಳಿಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಪರಿಸರ ಶಿಬಿರ ನಡೆಸುತ್ತೇವೆ. ಪಾಠ ಹೇಳಲು ನಗರದ ಸಂಪನ್ಮೂಲ ವ್ಯಕ್ತಿಗಳು ಬರುತ್ತಾರೆ. ಈ ಬೆಟ್ಟದ ಆದಿವಾಸಿಗಳಾದ ಸೋಲಿಗರನ್ನು ದಾರಿ ತೋರಿಸಲು, ಅಡುಗೆಗೆ ಮಾತ್ರ ಕರೆಯುತ್ತೇವೆ. ಇದು ಸರಿಯಲ್ಲ ಅನಿಸುತ್ತಿದೆ. ಎಲ್ಲಿಂದ ಬದಲಾಯಿಸುವುದು?

ಉತ್ತರ: ಸಂಭಾವನೆಯಿಂದ. ನಗರದಿಂದ ಬಂದವರಿಗೆ ದಿನಕ್ಕೆ ಕೊಡುವಷ್ಟನ್ನೇ ಸೋಲಿಗ ಶಿಕ್ಷಕರಿಗೂ ಕೊಡಿ. ಲೆಕ್ಕದ ಪುಸ್ತಕದಲ್ಲಿ 'ಕೂಲಿ' ಎಂದು ಬರೆಯಬೇಡಿ. ತಯಾರಿಗೆ ಬಂದ ದಿನಕ್ಕೂ ಹಣ ಸಲ್ಲಬೇಕು. ಪದವಿ, ಇಂಗ್ಲಿಷ್ ಕಡ್ಡಾಯ ಎಂಬ ಷರತ್ತಿದ್ದರೆ ಇಂದೇ ತೆಗೆಯಿರಿ. ಕಾಡು ಬಲ್ಲವರನ್ನು ಹೊರಗಿಡುವುದು ಅದೇ.

ಪಾಠ ಯೋಜಿಸುವಾಗಲೇ ಅವರು ಜೊತೆಗಿರಬೇಕು. ವೇಳಾಪಟ್ಟಿ ಅಚ್ಚಾದ ಮೇಲೆ ಕರೆದರೆ ಅವರ ಪಾಲಿಗೆ ಉಳಿಯುವುದು ರಾತ್ರಿಯ ಕುಣಿತ ಮಾತ್ರ. ತರಗು ಬೆಂಕಿಯನ್ನೇ ನೋಡಿ. ಬಿಸಿಲು ಬಲಿಯುವ ಮುಂಚೆ ಒಣಗಿದ ತರಗೆಲೆಗೆ ಸಣ್ಣದಾಗಿ ಬೆಂಕಿ ಕೊಡುವ ಹಳೆಯ ಪದ್ಧತಿ ಅದು. ಅದು ನಿಂತ ಮೇಲೆಯೇ ಲಂಟಾನ ಎಂಬ ಕಳೆ ಹಬ್ಬಿತು, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ (ಮರದ ಮೇಲೆ ಬೆಳೆದು ಅದರ ಸಾರ ಹೀರುವ ಗಿಡ) ಹೆಚ್ಚಿತು ಎನ್ನುತ್ತಾರೆ ಸೋಲಿಗ ಹಿರಿಯರು. 'ಕಾಡಿಗೆ ಬೆಂಕಿ ಹಚ್ಚಬೇಡಿ' ಎಂದು ಭಿತ್ತಿಪತ್ರ ಬರೆಸಿ ಕೈತೊಳೆದುಕೊಳ್ಳುವ ಶಿಬಿರದಲ್ಲಿ ಈ ಮಾತಿಗೆ ಜಾಗವೇ ಸಿಗದು. ಎರಡೂ ವಾದ ಮಕ್ಕಳ ಕಿವಿಗೆ ಬೀಳಲಿ, ಅದೂ ಉಪ್ಪಿಲು ಹತ್ತಿದ ಮರದ ಬುಡದಲ್ಲೇ. ಕಾಡಿನಲ್ಲಿ ಗಂಟೆಗಟ್ಟಲೆ ಹೇಳಬಲ್ಲವರು ಸಭಾಂಗಣದಲ್ಲಿ ಮೈಕ್ ಕೊಟ್ಟರೆ ಎರಡೇ ಮಾತಿಗೆ ಮುಗಿಸಬಹುದು. ಒಬ್ಬರ ಹಿಂದೆ ಹತ್ತು–ಹನ್ನೆರಡು ಮಕ್ಕಳಿಗಿಂತ ಹೆಚ್ಚು ಬೇಡ.

ಮೊದಲ ವರ್ಷ ಜೊತೆಯಾಗಿ ಪಾಠ, ಎರಡನೆಯ ವರ್ಷ ಅವರೇ ಶಿಬಿರದ ಮುಖ್ಯಸ್ಥರು. ನಡುವೆ ಪ್ರಥಮ ಚಿಕಿತ್ಸೆಯ ತರಬೇತಿ ನಿಮ್ಮ ಖರ್ಚಿನಲ್ಲಿ ಆಗಲಿ. ಆನೆಯ ಸುಳಿವು ಸಿಕ್ಕಾಗ ನಡಿಗೆ ನಿಲ್ಲಿಸುವ ಅಧಿಕಾರ ಮಾತ್ರ ಮೊದಲ ದಿನದಿಂದಲೇ ಅವರದು.

ಅರಣ್ಯ ಇಲಾಖೆಯ ಅನುಮತಿ ಬೇಕೇಬೇಕು, ಆದರೆ ಅದೊಂದೇ ಸಾಲದು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದೆ, ಅವರನ್ನೂ ಕೇಳಿ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಅವರು ಪೂಜಿಸುವ ತಾಣಗಳಲ್ಲಿ ಮಕ್ಕಳು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಕೂಡದು ಎಂಬುದನ್ನು ಅವರೇ ಹೇಳಲಿ. ಔಷಧಿ ಗಿಡಗಳ ವಿವರವನ್ನು ಒಪ್ಪಿಗೆಯಿಲ್ಲದೆ ವಿಡಿಯೊ ಮಾಡಬೇಡಿ.

ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಮಕ್ಕಳೂ ಶಿಬಿರಾರ್ಥಿಗಳಾಗಿರಲಿ. ಮೂವತ್ತರಲ್ಲಿ ಒಬ್ಬಿಬ್ಬರಿದ್ದರೆ ಉಳಿದವರಿಗೆ ಪ್ರದರ್ಶನದ ವಸ್ತುವಾಗುತ್ತಾರೆ. ಎಂಟು–ಹತ್ತು ಮಂದಿಯಾದರೂ ಬೇಕು, ಶುಲ್ಕವಿಲ್ಲದೆ. ರೇನ್‌ಕೋಟು, ಚೀಲ ಕೊಡುವುದಾದರೆ ಎಲ್ಲ ಮಕ್ಕಳಿಗೂ ಒಂದೇ ಬಗೆಯದನ್ನು ಕೊಡಿ. ದಿನಾಂಕವನ್ನು ಶಾಲೆಯ ರಜೆ ನೋಡಿ ಮಾತ್ರ ಗೊತ್ತುಮಾಡಬೇಡಿ: ಬೇಸಿಗೆ ರಜೆಯ ಹೊತ್ತಿಗೇ ಹೆಜ್ಜೇನು ಇಳಿಸುವ ಕೆಲಸವೂ ಬರುತ್ತದೆ, ನೀವು ಕರೆಯಬೇಕಾದವರು ಆಗ ಜೇನಿನ ಬೆನ್ನು ಹತ್ತಿರುತ್ತಾರೆ.