ಕೈಗಡದ ಪ್ರಶ್ನೆಗೆ ಯಾವ ಪದವಿ?

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರದ ಮುಖ್ಯ ಭಾಗ:

“ನನಗೀಗ 41. 2002ರಲ್ಲಿ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿದ ಮೇಲೆ ಓದು ನಿಂತಿತು. ಹನ್ನೊಂದು ವರ್ಷದಿಂದ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಪ್ರತಿ ಮಾರ್ಚ್‌ನಲ್ಲಿ ನಮ್ಮ ಸಾಲ ವಸೂಲಿ ಹೆಚ್ಚುಕಡಿಮೆ ನೂರಕ್ಕೆ ನೂರು. ಆದರೂ ಕಟ್ಟಿದ ರೈತರ ಕೈಗಡ ಮಾತ್ರ ಕರಗುವುದಿಲ್ಲ. ಇದು ಯಾಕೆ ಹೀಗೆ ಎಂದು ತಿಳಿಯಬೇಕೆಂದೇ ಮತ್ತೆ ಓದುವ ಆಸೆ ಹುಟ್ಟಿದೆ. ಅರ್ಥಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರ ಮೂರೂ ಬೇಕೆನಿಸುತ್ತದೆ. ‘ಎಲ್ಲ ಸ್ವಲ್ಪ ಸ್ವಲ್ಪ ಓದಿದರೆ ಯಾವುದೂ ಕೈಗೆ ಹತ್ತೂದಿಲ್ಲ, ಸುಮ್ನೆ ಬಿ.ಕಾಂ. ಮಾಡು’ ಅಂತಾರೆ ಮನೆಯಲ್ಲಿ. ನನಗೆ ಬಿ.ಎ. ಸಿಗುತ್ತದೆಯೆ? ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಸೇರಲೋ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯವೋ? ಕೆಲಸ ಬಿಡದೆ ಓದಲು ಆಗುತ್ತದೆಯೆ?”

ಮಾನ್ಯರೆ,

ಬಿ.ಎ. ಸಿಗುತ್ತದೆ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಬಿ.ಎ. ಸೇರಬಹುದು. ಮುಕ್ತ ವಿಶ್ವವಿದ್ಯಾಲಯಗಳಲ್ಲಿ ವಯಸ್ಸಿನ ಮೇಲ್ಮಿತಿಯೂ ಇಲ್ಲ. ಮನೆಯವರು ಹೇಳಿದ ಬಿ.ಕಾಂ. ಕೆಟ್ಟ ಪದವಿಯೇನಲ್ಲ. ಆದರೆ ಖಾತೆ ಪುಸ್ತಕ ಬರೆಯುವುದು ನಿಮಗೆ ಈಗಾಗಲೇ ಬರುತ್ತದೆ, ನಿಮ್ಮನ್ನು ಕಾಡುತ್ತಿರುವುದು ಆ ಪುಸ್ತಕಕ್ಕೆ ಇಳಿಯದ ಸಂಗತಿ. ಅದಕ್ಕೆ ನೀವು ಹೆಸರಿಸಿದ ಮೂರು ವಿಷಯಗಳೇ ಸರಿ.

ಒಂದು ವ್ಯತ್ಯಾಸವನ್ನು ಮೊದಲೇ ತಿಳಿದುಕೊಳ್ಳಿ. ನಮ್ಮ ವಿಶ್ವವಿದ್ಯಾಲಯಗಳು ಕೊಡುವುದು ಬಹುಶಿಸ್ತೀಯ ಪದವಿ, ಎಂದರೆ ಹಲವು ವಿಷಯಗಳನ್ನು ಅಕ್ಕಪಕ್ಕದಲ್ಲಿಟ್ಟು ಬೇರೆ ಬೇರೆಯಾಗಿ ಓದುವುದು. ನಿಮಗೆ ಬೇಕಾಗಿರುವುದು ಅಂತರಶಿಸ್ತೀಯ ಓದು, ಎಂದರೆ ಒಂದೇ ಪ್ರಶ್ನೆಗೆ ಹಲವು ವಿಷಯಗಳನ್ನು ಸೇರಿಸಿ ಉತ್ತರ ಹುಡುಕುವುದು. ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ), ಎಚ್‌ಇಎಸ್ (ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ) ಎಂದು ಕರೆಯುವ ಮೂರು ಐಚ್ಛಿಕ ವಿಷಯಗಳ ಗುಂಪು ಬಹುಶಿಸ್ತೀಯವೇ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2022ರ ಪಠ್ಯಕ್ರಮದ ಚೌಕಟ್ಟೂ ಅದೇ ಜಾತಿಯದು. ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ (ಓದಿನ ಹೊತ್ತಿನ ಅಳತೆ), ಅದರಲ್ಲಿ 60 ಪ್ರಧಾನ ವಿಷಯಕ್ಕೆ, 24 ಉಪವಿಷಯಕ್ಕೆ, ಬಹುಶಿಸ್ತೀಯ ಪತ್ರಿಕೆಗಳಿಗೆ ಬರೀ 9. ಒಂದೊಂದು ಪುಸ್ತಕವನ್ನು ಒಬ್ಬೊಬ್ಬರು ಬರೆದಿರುತ್ತಾರೆ, ಒಂದೊಂದು ಪತ್ರಿಕೆಯನ್ನು ಒಬ್ಬೊಬ್ಬರು ತಿದ್ದುತ್ತಾರೆ. ನಿಮ್ಮ ಕೈಗಡದ ಪ್ರಶ್ನೆಯನ್ನು ಮೂರು ವರ್ಷದಲ್ಲಿ ಯಾವ ಪತ್ರಿಕೆಯೂ ಕೇಳದೆ ಹೋಗಬಹುದು. ಅದನ್ನು ಮೂರೂ ವಿಷಯಗಳ ಮೂಲಕ ಹೊತ್ತುಕೊಂಡು ಹೋಗುವ ಕೆಲಸ ಪೂರ್ತಿ ನಿಮ್ಮದು. ಮನೆಯವರು ಹೇಳಿದ ‘ಸ್ವಲ್ಪ ಸ್ವಲ್ಪ’ದ ಭಯ ನಿಜವಾಗುವುದು ಈ ಹೊರೆ ಹೊರದವರ ವಿಷಯದಲ್ಲಿ.

ಹೊರುವುದು ಎಂದರೇನು ಎಂಬುದನ್ನು ನಿಮ್ಮ ಪ್ರಶ್ನೆಯಲ್ಲೇ ತೋರಿಸುತ್ತೇವೆ.

ಅರ್ಥಶಾಸ್ತ್ರ ಮೊದಲು ಕೇಳುವುದು ಲೆಕ್ಕವನ್ನು. ವಸೂಲಿ ಪ್ರಮಾಣ ಎನ್ನುವುದು ಒಬ್ಬ ಸಾಲಗಾರ ಒಂದು ಸಂಸ್ಥೆಗೆ ಏನು ಕಟ್ಟಿದ ಎಂದಷ್ಟೇ ಹೇಳುತ್ತದೆ, ಅವನ ಒಟ್ಟು ಸಾಲದ ಬಗ್ಗೆ ಏನೂ ಹೇಳುವುದಿಲ್ಲ. ಒಬ್ಬ ರೈತರಿಗೆ ಸಂಘದಲ್ಲಿ 1 ಲಕ್ಷ ರೂಪಾಯಿ ಬೆಳೆಸಾಲ ಇದೆ ಎಂದಿಟ್ಟುಕೊಳ್ಳಿ. ಸಕಾಲಕ್ಕೆ ಕಟ್ಟಿದರೆ ಬಡ್ಡಿ ಸೊನ್ನೆ. ಮಾರ್ಚ್ ಕೊನೆಗೆ ಕೈಯಲ್ಲಿ ಹಣವಿಲ್ಲ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ಕೈಗಡ ತಂದು ಕಟ್ಟುತ್ತಾರೆ, ಹೊಸ ಸಾಲ ಮಂಜೂರಾದ ಮೇಲೆ ಅದನ್ನು ತೀರಿಸುತ್ತಾರೆ. ನವೀಕರಣ 15 ದಿನದಲ್ಲಿ ಮುಗಿದರೆ 1,500 ರೂಪಾಯಿ ಹೋಯಿತು. ಎರಡು ತಿಂಗಳು ಎಳೆದರೆ 6,000. ಸೊನ್ನೆ ಬಡ್ಡಿಯ ಸಾಲಕ್ಕೆ ನೂರಕ್ಕೆ ಆರು ಬಿದ್ದಂತಾಯಿತು, ನಿಮ್ಮ ಪುಸ್ತಕದಲ್ಲಿ ಮಾತ್ರ ವಸೂಲಿ ನೂರಕ್ಕೆ ನೂರು! ಬಡ್ಡಿ ದರಕ್ಕಿಂತ ನವೀಕರಣಕ್ಕೆ ಹಿಡಿಯುವ ದಿನಗಳೇ ಹೆಚ್ಚು ಮುಖ್ಯ ಎಂಬುದು ಇಲ್ಲಿ ಕಾಣುತ್ತದೆ.

ಇತಿಹಾಸ ಕೇಳುವುದು, ಈ ಸಂಘ ಹುಟ್ಟಿದ್ದೇ ಯಾಕೆ ಎಂದು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟರು. ಸಾಹುಕಾರನ ಹಿಡಿತ ಸಡಿಲಿಸುವ ಚರ್ಚೆ ಮುಂದುವರಿದು 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ನಿಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಪತ್ತಿನ ಸಂಘ ಶುರುವಾಯಿತು. ಕೈಗಡ ತಪ್ಪಿಸಲು ಹುಟ್ಟಿದ ಸಂಸ್ಥೆಗೇ ಇವತ್ತು ಕೈಗಡದ ಹಣ ಬಂದು ಬೀಳುತ್ತಿದ್ದರೆ, ನಡುವೆ ಏನು ಬದಲಾಯಿತು? ಇತಿಹಾಸದ ಪತ್ರಿಕೆಯಲ್ಲಿ ಬರೆಯಬೇಕಾದ ಪ್ರಶ್ನೆ ಅದು.

ಸಮಾಜಶಾಸ್ತ್ರ ಕೇಳುವುದು ನಿಮ್ಮ ಸದಸ್ಯರ ಪಟ್ಟಿಯನ್ನು. ಉತಾರದಲ್ಲಿ (ಪಹಣಿಯಲ್ಲಿ) ಹೆಸರಿಲ್ಲದವರಿಗೆ ಸಾಮಾನ್ಯವಾಗಿ ಬೆಳೆಸಾಲ ಸಿಗುವುದಿಲ್ಲ. ಹೊಲ ಮಾವನ ಹೆಸರಿನಲ್ಲಿದ್ದು ದುಡಿಯುವವಳು ಸೊಸೆಯಾದರೆ, ಲಾವಣಿಗೆ (ಗೇಣಿಗೆ) ಮಾಡುವವರು ಬೇರೆಯಾದರೆ, ಅವರೆಲ್ಲ ನಿಮ್ಮ ಪುಸ್ತಕದ ಹೊರಗೇ ಉಳಿದರು. ಅವರಿಗೆ ಕೈಗಡವೇ ಗತಿ.

ಮೂರೂ ಸೇರಿದಾಗ ಉತ್ತರಕ್ಕೆ ಒಂದು ಆಕಾರ ಬರುತ್ತದೆ. ಆದರೆ ಪರೀಕ್ಷೆಯಲ್ಲಿ ಮೂರನ್ನೂ ಕಲಸಬೇಡಿ. ತಡವಾಗಿ ಓದಿಗೆ ಮರಳಿದವರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. “ಜನರ ದುಂದುವೆಚ್ಚದಿಂದ ಸಾಲ ಹೆಚ್ಚುತ್ತಿದೆ” ಎಂಬ ವಾಕ್ಯಕ್ಕೆ ಮೂರರಲ್ಲಿ ಯಾವ ಪತ್ರಿಕೆಯಲ್ಲೂ ಅಂಕ ಬೀಳುವುದಿಲ್ಲ. ಅರ್ಥಶಾಸ್ತ್ರಕ್ಕೆ ಅದರಲ್ಲಿ ಅಂಕಿ ಇಲ್ಲ, ಇತಿಹಾಸಕ್ಕೆ ಇಸವಿಯೂ ದಾಖಲೆಯೂ ಇಲ್ಲ, ಸಮಾಜಶಾಸ್ತ್ರಕ್ಕೆ ಯಾವ ಜನ ಎಂಬುದಿಲ್ಲ. ಅನುಭವ ನಿಮ್ಮ ದೊಡ್ಡ ಆಸ್ತಿ, ಇಪ್ಪತ್ತರ ಹುಡುಗರಿಗೆ ಅದು ಇಲ್ಲ. ಆದರೆ ಅನುಭವ ಉತ್ತರಪತ್ರಿಕೆಗೆ ಬರುವಾಗ ಇಸವಿ, ಮೊತ್ತ, ಸ್ಥಳ ಹೊತ್ತುಕೊಂಡು ಬರಬೇಕು, ಪಾಠದ ಒಂದು ಪರಿಕಲ್ಪನೆಯ ಪಕ್ಕದಲ್ಲಿ ಉದಾಹರಣೆಯಾಗಿ ಕೂರಬೇಕು. ಮೊದಲು ಪರಿಕಲ್ಪನೆಯ ವ್ಯಾಖ್ಯೆ, ಆಮೇಲೆ ನಿಮ್ಮ ಉದಾಹರಣೆ ಮೂರು ನಾಲ್ಕು ಸಾಲು, ಮತ್ತೆ ಪಾಠಕ್ಕೆ.

ಇದಕ್ಕೆ 200 ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಪುಟದಲ್ಲಿ ಕೌಂಟರಿನಲ್ಲಿ ಕಂಡದ್ದು: ತಿಂಗಳು, ಮೊತ್ತ, ಎಷ್ಟು ದಿನ ಹಿಡಿಯಿತು. ಸದಸ್ಯರ ಹೆಸರು, ಖಾತೆ ಸಂಖ್ಯೆ ಖಂಡಿತ ಬರೆಯಬೇಡಿ. ಅದು ಅವರ ಗುಟ್ಟು, ನಿಮ್ಮ ನೌಕರಿಯ ಪ್ರಶ್ನೆಯೂ ಹೌದು. ಬಲಪುಟವನ್ನು ಮೂರು ಭಾಗ ಮಾಡಿ, ಹಿಂದಿನ ಹದಿನೈದು ದಿನದಲ್ಲಿ ಓದಿದ ಘಟಕಗಳಿಂದ ಇದಕ್ಕೆ ತಾಗುವ ಒಂದೊಂದು ಮಾತನ್ನು ಪುಟಸಂಖ್ಯೆಯೊಡನೆ ಬರೆಯಿರಿ. ಬಲಪುಟದಲ್ಲಿ ಒಂದು ಭಾಗ ತಿಂಗಳುಗಟ್ಟಲೆ ಖಾಲಿ ಉಳಿದರೆ ಆ ವಿಷಯವನ್ನು ಬರೀ ಪರೀಕ್ಷೆಗಾಗಿ ಓದುತ್ತಿದ್ದೀರಿ ಎಂದು ಗೊತ್ತಾಗುತ್ತದೆ.

ಮೂರರಲ್ಲಿ ಒಂದು ಬೆನ್ನುಮೂಳೆಯಾಗಿರಲಿ. ನಮ್ಮ ಸಲಹೆ ಅರ್ಥಶಾಸ್ತ್ರ. ಮುಂದೆ ಎಂ.ಎ. ಮಾಡುವ ಮನಸ್ಸಾದರೆ ಅನೇಕ ವಿಶ್ವವಿದ್ಯಾಲಯಗಳು ಆ ವಿಷಯವನ್ನು ಪದವಿಯಲ್ಲಿ ಐಚ್ಛಿಕವಾಗಿ ಓದಿರಬೇಕು ಎನ್ನುತ್ತವೆ. ಬಿ.ಎಡ್. ಯೋಚನೆ ಇದ್ದರೂ ವಿಷಯಗಳ ಗುಂಪು ಮುಖ್ಯವಾಗುತ್ತದೆ. ಸೇರಿದ ಮೇಲೆ ಗುಂಪು ಬದಲಿಸುವುದು ತಲೆನೋವಿನ ಕೆಲಸ, ಆದ್ದರಿಂದ ಅರ್ಜಿ ತುಂಬುವ ದಿನವೇ ತೀರ್ಮಾನ ಆಗಿರಬೇಕು.

ಇಗ್ನೋವೋ ಮೈಸೂರೋ ಎಂಬುದನ್ನು ಭಾಷೆ ತೀರ್ಮಾನಿಸಲಿ. ಇಗ್ನೋ ಬಿ.ಎ. ಪಠ್ಯಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಯನ್ನು ಕನ್ನಡದಲ್ಲೇ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಇಷ್ಟು ವರ್ಷದ ಮೇಲೆ ಪುಸ್ತಕ ಹಿಡಿಯುವಾಗ ಹೊಸ ವಿಷಯದ ಜೊತೆ ಭಾಷೆಯ ಜೊತೆಗೂ ಗುದ್ದಾಡುವುದು ಬೇಡ. ಇಗ್ನೋದ ಪಾಠಗಳು ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿವೆ, ಸೇರದೆಯೂ ಜೊತೆಯಲ್ಲಿ ಓದಬಹುದು. ಎಲ್ಲಿ ಸೇರಿದರೂ ನೀವು ಸೇರುವ ಆ ವರ್ಷಕ್ಕೆ, ಆ ಪದವಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿ. ಮೈಸೂರಿನ ಮುಕ್ತ ವಿ.ವಿ.ಯ ಮಾನ್ಯತೆಯನ್ನು 2015ರಲ್ಲಿ ಹಿಂಪಡೆದು 2018ರಲ್ಲಿ ಮತ್ತೆ ಕೊಟ್ಟದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಈಗ ಮಾನ್ಯತೆ ಇದ್ದರೂ ಪಟ್ಟಿ ನೋಡುವ ರೂಢಿ ಬಿಡಬಾರದು.

ಇನ್ನು ಹೊತ್ತಿನ ಲೆಕ್ಕ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 120 ಕ್ರೆಡಿಟ್‌ಗೆ 3,600 ಗಂಟೆ. ಮೂರೇ ವರ್ಷದಲ್ಲಿ ಮುಗಿಸುತ್ತೇನೆಂದರೆ ವಾರಕ್ಕೆ ಸುಮಾರು 23 ಗಂಟೆ ಬೇಕು, ನೌಕರಿ ಮತ್ತು ಮನೆ ಎರಡನ್ನೂ ನಡೆಸುವವರಿಗೆ ಅದು ಆಗದ ಮಾತು. ಇಗ್ನೋ ಮೂರು ವರ್ಷದ ಬಿ.ಎ.ಗೆ 6 ವರ್ಷದವರೆಗೆ ಸಮಯ ಕೊಡುತ್ತದೆ. ಮೈಸೂರಿನಲ್ಲಿ ಎಷ್ಟು ವರ್ಷ ಎಂಬುದನ್ನು ಅಲ್ಲಿಯ ವಿವರಣಾ ಪುಸ್ತಕದಲ್ಲಿ ಮೊದಲು ನೋಡಿಕೊಳ್ಳಿ. ಆರು ವರ್ಷಕ್ಕೆ ಹಂಚಿದರೆ ವಾರಕ್ಕೆ 12 ಗಂಟೆ: ಐದು ದಿನ ಬೆಳಗ್ಗೆ ಒಂದೂವರೆ ಗಂಟೆ, ಭಾನುವಾರ ನಾಲ್ಕೂವರೆ. ಇದು ನಡೆಯುತ್ತದೆ. ಮೊದಲ ಎರಡು ತಿಂಗಳು ಒಂದು ಘಟಕಕ್ಕೆ ಮೂರು ಪಟ್ಟು ಹೊತ್ತು ಹಿಡಿದರೆ ಹೆದರಬೇಡಿ. ಪಾಠದ ಭಾಷೆ ಕಿವಿಗೆ ಕೂರುವವರೆಗೆ ಹಾಗೆಯೇ.

ನಿಮ್ಮ ಕೆಲಸಕ್ಕೆ ಒಂದು ಗಂಡಾಂತರವಿದೆ, ಅದನ್ನು ಎತ್ತಿ ಹೇಳಬೇಕು. ಇಗ್ನೋ ಸೇರಿದರೆ ಜೂನ್ ಪರೀಕ್ಷೆಯ ಅಸೈನ್‌ಮೆಂಟ್ ಕೊಡುವ ಗಡುವು ಮಾರ್ಚ್–ಏಪ್ರಿಲ್‌ನಲ್ಲಿ ಬರುತ್ತದೆ. ನಿಮ್ಮ ವಸೂಲಿ, ವರ್ಷಾಂತ್ಯದ ಲೆಕ್ಕ ಆಗಲೇ. ಪರೀಕ್ಷೆ ಬರುವಾಗ ಮುಂಗಾರಿನ ಸಾಲದ ಹೊತ್ತು. ಆದ್ದರಿಂದ ಅಸೈನ್‌ಮೆಂಟ್ ಎಲ್ಲವನ್ನೂ ಫೆಬ್ರುವರಿ ಮೊದಲ ವಾರದೊಳಗೆ ಮುಗಿಸಿ. ಜೂನ್‌ನಲ್ಲಿ ಎರಡು ಮೂರು ಪತ್ರಿಕೆ ಬರೆದು, ಹೆಚ್ಚಿನವನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಇಗ್ನೋದಲ್ಲಿ ಅಸೈನ್‌ಮೆಂಟ್‌ಗೆ 30, ಪರೀಕ್ಷೆಗೆ 70ರ ತೂಕ, ಎರಡರಲ್ಲೂ ಬೇರೆ ಬೇರೆಯಾಗಿ ನೂರಕ್ಕೆ 35 ಬರಲೇಬೇಕು. ಅಸೈನ್‌ಮೆಂಟ್‌ನಲ್ಲಿ 80, ಪರೀಕ್ಷೆಯಲ್ಲಿ 30 ಬಂದರೆ ಒಟ್ಟು 24 ಮತ್ತು 21 ಸೇರಿ 45 ಆಗುತ್ತದೆ. ಆದರೂ ಪರೀಕ್ಷೆ ಫೇಲೇ! ಮನೆಯಲ್ಲಿ ಕೂತು ಚೆನ್ನಾಗಿ ಬರೆದದ್ದು ಮೂರು ಗಂಟೆಯ ಪರೀಕ್ಷೆಯಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಸಂಘದಲ್ಲಿ ಈಗ ಕಂಪ್ಯೂಟರ್, ಕೈಬರಹ ತಪ್ಪಿಹೋಗಿರುತ್ತದೆ. ವಾರಕ್ಕೊಂದು ಉತ್ತರ, 500 ಪದ, 35 ನಿಮಿಷ, ಗಡಿಯಾರ ಎದುರಿಗಿಟ್ಟುಕೊಂಡು ಕೈಯಲ್ಲೇ ಬರೆದು ರೂಢಿ ಮಾಡಿ.

ಕಡೆಯದಾಗಿ, ಎಲ್ಲಿಂದ ಶುರು ಮಾಡಬೇಕು ಎಂಬುದು. ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಆಧಾರ್‌ನಲ್ಲಿ ಗಂಡನ ಹೆಸರು ಇರುವುದು ಮದುವೆಯಾದ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಈಗ ದೂರಶಿಕ್ಷಣ ಪ್ರವೇಶಕ್ಕೆ ಮೊದಲು ಡಿಜಿಲಾಕರ್ ಮೂಲಕ ಎಬಿಸಿ ಐಡಿ (ಕ್ರೆಡಿಟ್‌ಗಳನ್ನು ಜಮಾ ಇಡುವ ಖಾತೆಯ ಸಂಖ್ಯೆ), ಅದರ ಮೇಲೆ ಡೆಬ್ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಮಾಡಿಸಬೇಕು. ಎರಡೂ ಆಧಾರ್‌ನ ಹೆಸರನ್ನೇ ಎತ್ತಿಕೊಳ್ಳುತ್ತವೆ, ಅಂಕಪಟ್ಟಿಗೆ ಹೊಂದದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಧಾರ್ ಅನ್ನು ಅಂಕಪಟ್ಟಿಗೆ ಹೊಂದುವಂತೆ ತಿದ್ದಿಸಿ, ಅಂಕಪಟ್ಟಿ ತಿದ್ದಿಸುವುದಕ್ಕಿಂತ ಅದು ಎಷ್ಟೋ ಸುಲಭ. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಲಿ, ಒಟಿಪಿ ಬರುವುದು ಅದಕ್ಕೇ. ಪಿಯುಸಿ ಅಂಕಪಟ್ಟಿ ಕಳೆದಿದ್ದರೆ ಓದಿದ ಕಾಲೇಜಿನ ಮೂಲಕ ನಕಲು ಪ್ರತಿಗೆ ಅರ್ಜಿ ಹಾಕಿ. ಅದು ಬರಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಪ್ರವೇಶದ ಪ್ರಕಟಣೆಗೆ ಕಾಯದೆ ಈ ವಾರವೇ ಟ್ರಂಕು ತೆಗೆದು ಹುಡುಕಿ.